ತಂಪು ಮನೆಯ ನಿಂಬೆವ್ವ

ಬಿಸಿಲಿನ ಮೇಲೆ ನಮ್ಮತ್ತೆ ನಿಂಬೆವ್ವನಿಗೆ ಇದ್ದಷ್ಟು ಹಗೆ ಯಾವ ದಾಯಾದಿಯ ಮೇಲೂ ಇರಲಿಲ್ಲ. ಅತನೂರಿನಲ್ಲಿ ಹುಟ್ಟಿ, ಹನ್ನೊಂದಕ್ಕೇ ಮದುವೆಯಾಗಿ ಭೀಮಾ ಹೊಳೆಯ ದಂಡೆಯ ನಮ್ಮ ಮಣ್ಣೂರಿಗೆ ಬಂದವಳು. ಇಪ್ಪತ್ತೈದಕ್ಕೆ ಗಂಡನನ್ನು ಕಾಲರಾಕ್ಕೆ ಕೊಟ್ಟು, ಒಬ್ಬನೇ ಮಗ ಭೀಮಶಾನನ್ನು ಕಟ್ಟಿಕೊಂಡು ಒಕ್ಕಲುತನ ಮಾಡಿದವಳು. ಹೊಲಕ್ಕೆ ಹೋದರೆ ಬಿಸಿಲು ತಪ್ಪಿದ್ದಲ್ಲ, ಆದರೆ ಅದು ತನ್ನ ಹೊಸ್ತಿಲು ದಾಟಬಾರದು ಎಂಬುದು ಅವಳ ಹಟ. ಊರವರು ಅವಳನ್ನು ಥಂಡಿ ನಿಂಬೆವ್ವ ಎಂದೇ ಕರೆಯುತ್ತಿದ್ದರು.

ನಮ್ಮೂರಿನ ದೊಡ್ಡ ಕುಳ ಹಣಮಂತರಾಯರ ವಾಡೆಗೆ ಬೇಸಿಗೆಯಲ್ಲಿ ಲಾವಂಚದ ತಟ್ಟಿ ಕಟ್ಟುತ್ತಿದ್ದರು. ಅದಕ್ಕೆ ನೀರು ಹೊಡೆಯಲು ಇಬ್ಬರು ಆಳು, ದಿನಕ್ಕೆ ಇಪ್ಪತ್ತು ಕೊಡ ನೀರು. ನಮ್ಮತ್ತೆ ಮೂರು ಕೊಡದಲ್ಲಿ ಅದಕ್ಕಿಂತ ತಂಪು ಮಾಡಿ ತೋರಿಸುತ್ತಿದ್ದಳು. ಹೊಳೆಯಿಂದ ತಲೆಯ ಮೇಲೆ ಹೊತ್ತು ತರುವ ನೀರು, ಹನಿ ಚೆಲ್ಲಿದರೂ ಅವಳಿಗೆ ಜೀವ ಹೋಗುತ್ತಿತ್ತು. ಶಿವರಾತ್ರಿ ಕಳೆದ ಕೂಡಲೇ ಮಾಳಿಗೆಯ ಮಣ್ಣಿನ ಮೇಲೆ ಬೂದಿ, ಸುಣ್ಣ ಕಲಸಿ ಬಳಿಯುವಳು. ಹೊತ್ತು ಮಾರುದ್ದ ಏರುವ ಮೊದಲು ರೊಟ್ಟಿ ಮುಗಿಸಿ ಒಲೆಗೆ ನೀರು ಚಿಮುಕಿಸುವಳು. ಆಮೇಲೆ ಬಾಗಿಲು, ಹಿತ್ತಲ ಬಾಗಿಲು, ಮಾಳಿಗೆಯ ಬೆಳಕಿಂಡಿ ಎಲ್ಲಾ ಬಂದ್. ಬೆಳಗಿನ ಜಾವದ ಗಾಳಿಯನ್ನು ಒಳಗೆ ಹಿಡಿದಿಟ್ಟುಕೊಂಡು ಸಂಜೆಯವರೆಗೆ ಖರ್ಚು ಮಾಡುವಳು. ಗೋಡೆಯ ಬುಡಕ್ಕೆ ಮರಳು ಹಾಸಿ, ಮಧ್ಯಾಹ್ನ ಅದರ ಮೇಲೆ ಕೈಯಿಂದ ನೀರು ಚಿಮುಕಿಸಿದರೆ ಮುಗಿಯಿತು. ಹೊರಗೆ ಬೆಂಕಿ ಸುರಿಯುತ್ತಿದ್ದರೂ ನಮ್ಮ ಪಡಸಾಲೆಯಲ್ಲಿ ಕಂಬಳಿ ಬೇಕೆನಿಸುತ್ತಿತ್ತು.

ನಾನು ಬಾಳಮ್ಮ. ನೆಲೋಗಿಯಿಂದ ಈ ಮನೆಗೆ ಸೊಸೆಯಾಗಿ ಬಂದೆ. ನೆಲೋಗಿಯಲ್ಲಿ ಬೇವಿನ ಮರದ ಕೆಳಗೆ ಹೊರಸು ಹಾಕಿಕೊಂಡು ಬೇಸಿಗೆ ಕಳೆದವಳಿಗೆ ಈ ಮುಚ್ಚಿದ ಕತ್ತಲು ಉಸಿರುಗಟ್ಟಿಸುತ್ತಿತ್ತು. "ಅತ್ತಿ, ಒಂದೀಟು ಬಾಗಿಲಾ ತಗೀರಿ, ಸಾಯ್ತೀನಿ ನಾ" ಎಂದರೆ, "ತಗದರ ಸಾಯ್ತಿ ಬೇ, ಸುಮ್ಕ ಬೀಳು" ಎನ್ನುವಳು. ಎಷ್ಟು ಜಗಳ! ನನ್ನ ಬಾಯಿ ಆಗಲೂ ದೊಡ್ಡದು, ಈಗಲೂ ದೊಡ್ಡದು. ಅವಳದೇನು ಕಡಿಮೆಯೇ? ಇಬ್ಬರ ನಡುವೆ ಭೀಮಶಾ ಎತ್ತು ಮೇಯಿಸುವ ನೆಪದಲ್ಲಿ ಹೊಳೆದಂಡೆಗೆ ಓಡಿಹೋಗುತ್ತಿದ್ದ.

1948ರ ಬೇಸಿಗೆ ಬಂತು. ದೇಶಕ್ಕೆ ಸ್ವಾತಂತ್ರ್ಯ ಬಂದು ವರ್ಷವಾಗುತ್ತ ಬಂದಿತ್ತು, ನಮಗೆ ಬಂದಿರಲಿಲ್ಲ. ಹೊಳೆಯ ಈಚೆ ನಿಜಾಮನ ರಾಜ್ಯ, ಆಚೆ ಮುಂಬಯಿ ಇಲಾಖೆ. ನಿಜಾಮನ ಕಡೆಯ ಬಂದೂಕು ಹಿಡಿದ ಗುಂಪುಗಳು ಈಚೆಯ ಊರುಗಳ ಮೇಲೆ ಬೀಳುತ್ತಿದ್ದವು. ವಯಸ್ಸಿನ ಗಂಡಸರನ್ನು ಹುಡುಕುವರು, ಕಾಳುಕಡಿ ಹೊರುವರು, ಹೆಂಗಸರ ಮಾತು ನಾನು ಬಾಯಿಂದ ಆಡಲಾರೆ. ಊರಿನ ಹರೆಯದವರೆಲ್ಲ ಮೊದಲೇ ಹೊಳೆ ದಾಟಿದ್ದರು. ಭೀಮಶಾನೂ ಹೋಗಿದ್ದ. ವೈಶಾಖದ ಒಂದು ಬೆಳಿಗ್ಗೆ ಪಕ್ಕದ ಊರು ಸುಟ್ಟ ಸುದ್ದಿ ಬಂದು, ಉಳಿದವರೂ ಗಂಟುಮೂಟೆ ಕಟ್ಟಿದರು. ಆ ಗದ್ದಲದಲ್ಲಿಯೇ ನನಗೆ ನೋವು ಶುರುವಾಯಿತು. ನನಗಿನ್ನೂ ಎಂಟನೇ ತಿಂಗಳು.

ಸೂಲಗಿತ್ತಿ ಬೀಬಿಜಾನ ತನ್ನ ಗಾಡಿ ನಿಲ್ಲಿಸಿ ಬಂದಳು. ಅವಳ ಮನೆಯವರು ಆಳಂದಕ್ಕೆ ಹೊರಟಿದ್ದರು, ಹೊರಗೆ ಕೂಗುತ್ತಿದ್ದರು, ಅವಳು ಕದಲಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಹೆಣ್ಣು ಕೂಸು ಹುಟ್ಟಿತು. ಮೊರದಲ್ಲಿ ಇಟ್ಟರೆ ಅರ್ಧ ಮೊರ ಖಾಲಿ ಉಳಿಯುವಷ್ಟು ಸಣ್ಣದು. ಬೀಬಿಜಾನ ಅದನ್ನು ನೋಡಿ ತಲೆ ಅಲ್ಲಾಡಿಸಿದಳು.

"ನಿಂಬೆವ್ವಾ, ಈ ಬಿಸಲಾಗ ಇದನ್ನ ಹೊಳಿ ದಾಟಿಸಿದ್ರ ಉಸುಕಿನ ಮ್ಯಾಲೇ ಹೋಗ್ತದ. ಹಡದಾಕಿಗೂ ರಕ್ತ ನಿಂತಿಲ್ಲ. ಒಂಬತ್ತು ದಿನ ಎಬ್ಬಿಸಬ್ಯಾಡ. ಇದಕ್ಕ ಹಾಲಿಗಿಂತ ಮೊದಲ ತಂಪು ಬೇಕು. ಮೈ ಸುಡಾಕ ಬಿಟ್ಟಿ ಅಂದ್ರ ಕೂಸು ಕೈಗೆ ಸಿಗಂಗಿಲ್ಲ."

"ತಂಪಿನ ಕಾಳಜಿ ನನಗ ಬಿಡು ಬೀಬಿ, ನೀ ನಡಿ, ನಿನ್ನ ಮಂದಿ ಕಾಯಾಕತ್ತಾರ" ಎಂದಳು ನಮ್ಮತ್ತೆ. ಒಂಬತ್ತನೇ ದಿನ ಗಾಡಿ ತರಬೇಕೆಂದು ಹೊಳೆ ದಾಟುವವರ ಕೈಯಲ್ಲಿ ಭೀಮಶಾನಿಗೆ ಹೇಳಿಕಳಿಸಿದಳು. ಸಂಜೆಗೆ ಮಣ್ಣೂರಿನ ನಮ್ಮ ಓಣಿಯಲ್ಲಿ ನಾವು ಮೂವರೇ ಉಳಿದೆವು, ನಾನು, ಕೂಸು, ನಿಂಬೆವ್ವ.

ಪಡಸಾಲೆಯ ಒಳಗೆ ಅಡುಗೆಯ ಮನೆ, ಅದರ ಹಿಂದೆ ಕಾಳು ಇಡುವ ಸಣ್ಣ ಖೋಲಿ. ನನ್ನನ್ನೂ ಕೂಸನ್ನೂ ಆ ಖೋಲಿಯಲ್ಲಿ ಮಲಗಿಸಿದಳು. ಮೊಣಕಾಲೆತ್ತರ ಹಸಿ ಮರಳು ಹಾಸಿ, ಅದರ ಮೇಲೆ ಮೊರ, ಮೊರದಲ್ಲಿ ಹಳೇ ಸೀರೆ, ಸೀರೆಯಲ್ಲಿ ಕೂಸು. ನೀರಿನ ಕೊಡಗಳೂ ಅಲ್ಲೇ. ಖೋಲಿಗೆ ಕದವಿರಲಿಲ್ಲ. ಬಾಗಿಲಿನ ಬಾಯಿಗೆ ಕುಳ್ಳು, ಅಂದರೆ ಸಗಣಿಯ ಬೆರಣಿ, ಒಟ್ಟಿದಳು. ಹಿತ್ತಲಲ್ಲಿದ್ದ ಅಷ್ಟೂ ಕುಳ್ಳು ತಂದು ನೆಲದಿಂದ ತೊಲೆಯವರೆಗೆ ಸಾಲು ಕಟ್ಟಿ ನಿಲ್ಲಿಸಿದಾಗ, ಅಡುಗೆಮನೆಯಿಂದ ನೋಡಿದರೆ ಅಲ್ಲೊಂದು ಖೋಲಿ ಇದೆಯೆಂದು ದೇವರಿಗೂ ತಿಳಿಯುತ್ತಿರಲಿಲ್ಲ. ಒಂದು ಮೂಲೆಯಲ್ಲಿ ನಾಲ್ಕು ಕುಳ್ಳು ತೆಗೆದರೆ ಅವಳು ಬಾಗಿ ಒಳಗೆ ಬರುವಷ್ಟು ಸಂದಿ. ಬೆಳಕು ಹರಿಯುವ ಮುಂಚೆ ಹೊಳೆಗೆ ಹೋಗಿ ಎರಡು ಕೊಡ ತರುವಳು. ಹಗಲು ಒಮ್ಮೆಯೂ ಹೊರಗೆ ಕಾಲಿಡಳು.

ನನಗೆ ಸಿಟ್ಟು ಬಂದಿತ್ತು. ಯಾಕೆ ಬರಬಾರದು? ಬಾಣಂತಿಯ ಹೊರಸಿನ ಕೆಳಗೆ ಕೆಂಡ ಇಡಬೇಕು, ಕಾಸಬೇಕು, ಬಿಸಿನೀರು ಹೊಯ್ಯಬೇಕು. ನಮ್ಮವ್ವನಾಗಿದ್ದರೆ ಮಾಡುತ್ತಿದ್ದಳು. ಇವಳು ನನ್ನನ್ನು ಹಸಿ ಮರಳಿನ ಬದಿಗೆ ಮಲಗಿಸಿದ್ದಾಳೆ!

"ಅತ್ತಿ, ಒಂದು ಬೊಗಸಿ ಕೆಂಡರ ಕೊಡ್ರಿ. ಥಂಡಿ ಹೊಕ್ಕು ಸನ್ನಿ ಆಗ್ತದ ನನಗ."

"ಹೊಗಿ ಮ್ಯಾಲೆ ಹೋಗಿ ಅವರ ಕಣ್ಣಿಗೆ ಬಿತ್ತಂದ್ರ ಸನ್ನಿ ಆಗಾಕ ನೀನೇ ಇರಂಗಿಲ್ಲ. ಒಲಿ ಹಚ್ಚಂಗಿಲ್ಲ ಅಂದ್ರ ಹಚ್ಚಂಗಿಲ್ಲ."

ನೆನೆಸಿದ ಕಡಲೆ, ಬೆಲ್ಲ, ಒಣ ಖೊಬ್ಬರಿ. ನಾಲ್ಕು ದಿನ ಅದೇ ಊಟ. ಅವಳಿಗೆ ಮೊಮ್ಮಗಳೊಂದೇ ಬೇಕು, ನಾನು ಬದುಕಿದರೆಷ್ಟು ಸತ್ತರೆಷ್ಟು ಎಂದು ನನ್ನ ಮನಸ್ಸು ಕಹಿಯಾಗಿತ್ತು.

ಐದನೆಯ ದಿನ ಮಧ್ಯಾಹ್ನ ಓಣಿಯಲ್ಲಿ ಕುದುರೆಯ ಗೊರಸಿನ ಸದ್ದು ಕೇಳಿತು. ನಿಂಬೆವ್ವ ನನ್ನ ಪಕ್ಕದಲ್ಲಿ ಕೂತು ಕೂಸಿಗೆ ಬೀಸಣಿಗೆ ಹಾಕುತ್ತಿದ್ದಳು. ಕೈ ನಿಂತಿತು. ಎದ್ದು ಸಂದಿಯಿಂದ ಆಚೆ ಹೋಗಿ ನಾಲ್ಕು ಕುಳ್ಳನ್ನೂ ತನ್ನ ಜಾಗಕ್ಕೆ ಇಟ್ಟುಬಿಟ್ಟಳು. ಹೋಗುವಾಗ ಎರಡು ಕೊಡದ ನೀರನ್ನೂ ನನ್ನ ಹತ್ತಿರ ಬಿಟ್ಟಳು. ಅವಳ ಕಡೆ ಇದ್ದದ್ದು ಒಂದು ಬಿಂದಿಗೆ ಮಾತ್ರ. ಬಾಗಿಲು ಒದ್ದ ಸದ್ದಾಯಿತು.

ಮೂವರಿದ್ದರು. ಮುಖ ನಾನು ನೋಡಲಿಲ್ಲ, ದನಿ ಮೂರು.

"ಏ ಬುಡ್ಡೀ! ಮನ್ಯಾಗ ಯಾರ್ಯಾರು ಅದಾರ?"

"ಒಬ್ಬಾಕೀನೇ ಅದೀನ್ರಿ ಸಾಹೇಬ್ರ. ಎಲ್ಲಾರೂ ಬಿಟ್ಟು ಹೋದ್ರು. ಕಾಲು ನಡಿಯಂಗಿಲ್ರಿ ನನಗ."

"ಮಗ ಎಲ್ಲಿ ಹೋದ?"

"ಮಗ ಇದ್ರ ಹಿಂಗ ಬಿಟ್ಟು ಹೋಗ್ತಿದ್ನೇನ್ರಿ?"

ಪೆಟ್ಟಿಗೆ ತೆಗೆದರು, ಗಡಿಗೆ ಒಡೆದರು, ಬಂದೂಕಿನ ತುದಿಯಿಂದ ಗೋಡೆ ಕುಟ್ಟಿದರು. ಒಬ್ಬ ಅಡುಗೆಮನೆಯ ಬಾಗಿಲವರೆಗೆ ಬಂದ. ನಾನು ಕೂಸಿನ ಬಾಯಿಗೆ ಮೊಲೆ ಕೊಟ್ಟು ಕಣ್ಣು ಮುಚ್ಚಿದೆ. ಅವನ ಹೆಜ್ಜೆ ಒಂದು ಗಳಿಗೆ ನಿಂತು ಹಿಂದೆ ಹೋಯಿತು. ಇನ್ನೇನು ಹೊರಡುತ್ತಾರೆ ಎಂದುಕೊಂಡೆ. ಆಗ ಪಡಸಾಲೆಯಿಂದ ಒಬ್ಬನ ದನಿ ಕೇಳಿತು.

"ಅರೇ ಭಾಯಿ, ಇಲ್ಲಿ ಏನ್ ಥಂಡಿ ಅದ ನೋಡು! ಇಂಥಾ ಮನಿ ಬಿಟ್ಟು ಬಿಸಲಾಗ ಎಲ್ಲಿ ಹೋಗ್ತಿ? ಹೊತ್ತು ಇಳಿಯೂತನ ಇಲ್ಲೇ ಮಕ್ಕೊಳ್ಳೂಣು."

ಜಮಖಾನೆ ಹಾಸಿಕೊಂಡು ಮಲಗಿಯೇಬಿಟ್ಟರು! ಹೊರಗೆ ತಲೆ ಸೀಳುವ ಬಿಸಿಲು, ಒಳಗೆ ನಮ್ಮತ್ತೆ ಕಷ್ಟಪಟ್ಟು ಕೂಡಿಟ್ಟ ತಂಪು. ಯಾರು ಬಿಟ್ಟು ಹೋಗುತ್ತಾರೆ? ಕೂಸು ಗಳಿಗೆಗೊಮ್ಮೆ ಏಳುತ್ತಿತ್ತು. ನನಗೆ ಹಾಲು ಇನ್ನೂ ಸರಿಯಾಗಿ ಇಳಿದಿರಲಿಲ್ಲ. ಒಂದು ಸಲ ಗಟ್ಟಿಯಾಗಿ ಅತ್ತರೆ ಮುಗಿಯಿತು. ಹೊತ್ತು ಇಳಿಯಲು ಇನ್ನೂ ಮೂರು ತಾಸು ಬೇಕು. ಮನೆ ಎಷ್ಟು ನಿಶ್ಶಬ್ದವಾಗಿತ್ತೆಂದರೆ ಒಬ್ಬನ ಮೂಗಿನ ಉಸಿರೂ ನನಗೆ ಕೇಳುತ್ತಿತ್ತು.

ಆಗ ನಿಂಬೆವ್ವನ ದನಿ ಬಂತು.

"ಹಸದಿರಬೇಕ್ರಿ ಸಾಹೇಬ್ರ. ಬಿಸಿ ರೊಟ್ಟಿ ಬಡದು ಕೊಡ್ತೀನಿ, ಉಂಡು ಮಕ್ಕೊಳ್ರಿ."

"ಹೂಂ ಬುಡ್ಡೀ, ಮಾಡು."

ನಾನು ನಂಬಲಿಲ್ಲ. ನನಗೆ ಒಂದು ಬೊಗಸೆ ಕೆಂಡ ಕೊಡದವಳು ಇವರಿಗೆ ಒಲೆ ಹಚ್ಚುತ್ತಾಳೆಯೇ? "ಕಣ್ಣು ಮಂಜ್ರಿ, ಕತ್ತಲಾಗ ಕಾಣಂಗಿಲ್ಲ" ಎನ್ನುತ್ತ ಗಳ ಹಿಡಿದು ಬೆಳಕಿಂಡಿಯ ತಗಡು ಸರಿಸಿದ ಸದ್ದಾಯಿತು. ಮುಂಬಾಗಿಲು ತೆರೆದಳು. ಹಿತ್ತಲ ಬಾಗಿಲು ತೆರೆದಳು. ಬೇಸಿಗೆಯುದ್ದಕ್ಕೂ ಹಗಲು ಒಂದು ಬೆರಳು ಬಾಗಿಲು ತೆರೆಯಗೊಡದ ಹೆಂಗಸು! ಝಳ ಒಂದು ಬಾಗಿಲಿಂದ ನುಗ್ಗಿ ಇನ್ನೊಂದರಿಂದ ಹೊರಟಿತು. ಆಮೇಲೆ ನಾನು ಕಂಡದ್ದು ಇನ್ನೂ ಘೋರ. ಒಲೆಗೆ ಹಾಕಲು ಅವಳು ನನ್ನ ಬಾಗಿಲಿನ ಕುಳ್ಳನ್ನೇ ತೆಗೆಯುತ್ತಿದ್ದಳು. ಮನೆಯಲ್ಲಿ ಬೇರೆ ಉರುವಲು ಇರಲಿಲ್ಲ, ನಿಜ. ಆದರೂ! ಮೇಲಿನಿಂದ ಎರಡು, ಮತ್ತೆ ಎರಡು. ತೊಲೆಯ ಕೆಳಗೆ ಬೆಳಕಿನ ಗೆರೆ ಕಂಡಿತು. ಆ ಗೆರೆ ಒಂದು ಗೇಣಾಯಿತು. ಅದರಿಂದ ಹೊಗೆ ಬಂತು, ಸೆಕೆ ಬಂತು.

ನಮ್ಮನ್ನು ಕೊಡಲು ಹೊರಟಿದ್ದಾಳೆ ಎಂದು ನಾನು ತೀರ್ಮಾನ ಮಾಡಿದೆ. ಮಗ ಎಲ್ಲಿದ್ದಾನೆ ಎಂದು ಕೇಳಿದರಲ್ಲ, ಮಗನನ್ನು ಉಳಿಸಲು ಸೊಸೆಯನ್ನು ತೋರಿಸುತ್ತಾಳೆ. ಹೆಣ್ಣು ಕೂಸು ತಾನೇ, ಹೋದರೇನು? ಹೀಗೆಲ್ಲ ಯೋಚಿಸಿದೆ. ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ, ಯೋಚಿಸಿದ್ದು ನಿಜ.

ಕೂಸಿನ ಮೈ ಬಿಸಿಯಾಗತೊಡಗಿತು. ಸೆರಗು ತೋಯಿಸಿ ಹೊದಿಸಿದೆ. ಗಳಿಗೆಯಲ್ಲಿ ಒಣಗಿತು. ಮತ್ತೆ ತೋಯಿಸಿದೆ. ಮರಳಿಗೆ ಬೊಗಸೆ ಬೊಗಸೆ ನೀರು ಹೊಯ್ದೆ. ಒಂದು ಕೊಡ ಮುಗಿಯಿತು. ಕೂಸು ಬಾಯಿ ತೆರೆದು ಕುಂಯ್ ಎಂದಿತು. ಆಚೆ ರೊಟ್ಟಿ ಬಡಿಯುವ ಸದ್ದು ಜೋರಾಯಿತು. ತಟ, ತಟ, ತಟ. ನಮ್ಮತ್ತೆ ರೊಟ್ಟಿಯನ್ನು ಮೆತ್ತಗೆ ಬಡಿಯುವವಳು, ಅವತ್ತು ಹಿಟ್ಟು ನಾದುವ ಕೊಣಮಿಗೆಯೇ ಒಡೆಯುವಂತೆ ಬಡಿಯುತ್ತಿದ್ದಳು. ಕೂಸು ಸುಮ್ಮನಾದರೆ ಕೈ ನಿಧಾನ, ಕೂಸು ಮಿಸುಕಿದರೆ ಕೈ ಜೋರು. ಇದೂ ನನಗೆ ಆಗ ತಿಳಿಯಲಿಲ್ಲ. ಸಂಭ್ರಮ ನೋಡು ಮುದುಕಿಗೆ ಎಂದು ಹಲ್ಲು ಕಡಿದೆ.

ಎಷ್ಟು ರೊಟ್ಟಿ ಬಡಿದಳೋ! ಒಬ್ಬ "ಸಾಕು" ಅಂದರೂ "ಇನ್ನೊಂದ್ರಿ, ಇನ್ನೊಂದ್ರಿ" ಎನ್ನುತ್ತಿದ್ದಳು. ಒಲೆ ಆರಗೊಡಲಿಲ್ಲ. ಖಾರದ ಚಟ್ನಿ ಕೊಟ್ಟಳು. ಅವರು ನೀರು ಕೇಳಿದರು, ಬಿಂದಿಗೆ ಎತ್ತಿ ಕೊಟ್ಟಳು, ಮೂವರೂ ಸೇರಿ ಬರಿದು ಮಾಡಿದರು. ಇನ್ನಷ್ಟು ಕೇಳಿದಾಗ, "ನೀರೆಲ್ಲಿ ಅದಾವ್ರಿ? ಹೊಳಿಗೆ ಹೋಗಬೇಕು" ಎಂದಳು. ಮನೆಯೆಲ್ಲ ಹೊಗೆ, ಝಳ, ಬೆವರು. ಕೊನೆಗೆ ಒಬ್ಬ ಎದ್ದು ಕೂತು ಬೈಯತೊಡಗಿದ.

"ಏನ್ ಬುಡ್ಡೀ, ಮನೀನ ಭಟ್ಟಿ ಮಾಡಿಬಿಟ್ಟಿ! ನಡೀರಲೇ, ಊರ ಅಗಸಿ ಬಾಗಲ ಕಟ್ಟಿ ಮ್ಯಾಲರ ಗಾಳಿ ಬರ್ತದ."

ಹೋದರು. ಗೊರಸಿನ ಸದ್ದು ದೂರವಾಯಿತು. ನಾನು ಎದ್ದು ಕಾಲಿನಿಂದ ಕುಳ್ಳು ಒದ್ದೆ, ಒಟ್ಟಿಲು ಅರ್ಧ ಕುಸಿಯಿತು. ನಿಂಬೆವ್ವ ಮುಂಬಾಗಿಲು ಹಾಕುತ್ತಿದ್ದಳು. ಆಮೇಲೆ ಹಿತ್ತಲ ಬಾಗಿಲು. ಆಮೇಲೆ ಗಳ ಎತ್ತಿ ಬೆಳಕಿಂಡಿ. ನನ್ನತ್ತ ತಿರುಗಿಯೂ ನೋಡಲಿಲ್ಲ. ನನಗೆ ತಡೆಯಲಾಗಲಿಲ್ಲ. ಅವತ್ತಿನವರೆಗೆ ಅತ್ತೆಗೆ ಎಷ್ಟೇ ಎದುರಾಡಿದರೂ "ರೀ" ಬಿಟ್ಟವಳಲ್ಲ.

"ನನ್ನ ಕೂಸಿನ್ನ ಸುಡಾಕ ನಿಂತಿದ್ದೇನು ನೀ? ಅವರಿಗೆ ರೊಟ್ಟಿ, ನನಗ ಹೊಗಿ! ನಮಗ ಅಡ್ಡ ಇದ್ದ ಕುಳ್ಳು ತಗದು ಒಲಿಗೆ ಹಾಕಿದಿ, ಅತ್ತಿ ಅದಿಯೋ ರಾಕ್ಷಸಿ ಅದಿಯೋ? ನೀ ಸತ್ತರ ಒಂದು ಹಿಡಿ ಮಣ್ಣು ಹಾಕಂಗಿಲ್ಲ ನಾ, ಕೇಳಿಲ್ಲಿ, ಒಂದು ಹಿಡಿ!"

ಅವಳು ಗಳವನ್ನು ಗೋಡೆಗೆ ಆನಿಸಿಟ್ಟು, ಗೋಡೆ ಹಿಡಿದುಕೊಂಡು ಖೋಲಿಯತ್ತ ಬಂದಳು. ಬಾಗಿ ಕೂಸಿನ ಅಂಗಾಲು ಮುಟ್ಟಿದಳು, ಆಮೇಲೆ ಹೊಟ್ಟೆ ಮುಟ್ಟಿದಳು.

"ಥಣ್ಣಗದ" ಎಂದಳು. "ಅವರು ಮಕ್ಕೊಂಡಿದ್ರ ಸಂಜೀತನ ಏಳ್ತಿರಲಿಲ್ಲ ಬೇ. ತಂಪಿಗೇ ಕುಂತಿದ್ರು. ತಂಪು ತಗದೆ."

ಅಷ್ಟು ಹೇಳಿ ಅಲ್ಲೇ ಕುಸಿದಳು. ನಾನು ತೋಳು ಹಿಡಿದೆ. ಕಾದ ಹೆಂಚು ಮುಟ್ಟಿದಂತಾಯಿತು. ಒಂದೂವರೆ ತಾಸು ಒಲೆಯ ಮುಂದೆ ಕೂತವಳ ಮೈಮೇಲೆ ಒಂದು ಹನಿ ಬೆವರಿರಲಿಲ್ಲ. ಬಿಸಿಲು ಬಡಿದವರ ಬೆವರು ನಿಂತಿತೆಂದರೆ ಜೀವ ಉಳಿಯುವುದು ಕಷ್ಟ ಎಂಬುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ತುಟಿ ಬಿರಿದಿತ್ತು. ಅಯ್ಯೋ, ಅವಳು ಮಧ್ಯಾಹ್ನದಿಂದ ಒಂದು ಗುಟುಕು ಕುಡಿದಿರಲಿಲ್ಲ! ಇದ್ದ ಬಿಂದಿಗೆ ಅವರ ಪಾಲಾಗಿತ್ತು. ಉಳಿದ ನೀರು ಕುಳ್ಳಿನ ಈಚೆ ನನ್ನ ಬಳಿಯಿತ್ತು, ಅದನ್ನು ಕೇಳುವ ಹಾಗಿರಲಿಲ್ಲ.

ಓಡಿ ಕೊಡ ಬಗ್ಗಿಸಿದೆ. ಬರಿದು. ಎರಡನೆಯದೂ ಬರಿದು. ಹನಿಯೂ ಬಿಡದೆ ಎಲ್ಲವನ್ನೂ ನಾನೇ ಮರಳಿಗೆ ಹೊಯ್ದಿದ್ದೆ.

ಹೊಳೆ ಅರ್ಧ ಮೈಲಿ. ಐದು ದಿನದ ಬಾಣಂತಿ ಹೊಸ್ತಿಲು ದಾಟಬಾರದು, ದಾಟಿದೆ. ಅಗಸಿಯ ದಾರಿ ಬಿಟ್ಟು ಹಿತ್ತಲಿನ ಜಾಲಿಯೊಳಗಿಂದ ನುಸುಳಿ ಓಡಿದೆ. ಉಸುಕು ಅಂಗಾಲು ಸುಟ್ಟಿತು. ಕಾಲ ಮೇಲೆ ರಕ್ತ ಇಳಿಯುತ್ತಿತ್ತು. ಬೇಸಿಗೆಯ ಹೊಳೆ ಎಂದರೆ ಮರಳ ನಡುವೆ ಒಂದು ಸಣ್ಣ ನೀರಿನ ಹರಿವು, ಅಲ್ಲಿಯವರೆಗೆ ಹೋಗಿ ಕೊಡ ಮುಳುಗಿಸಿ, ಹೊತ್ತು, ಮತ್ತೆ ಅದೇ ಉಸುಕು. ಎರಡು ಸಲ ಬಿದ್ದೆ. ಅರ್ಧ ಕೊಡ ಉಳಿಯಿತು. ಯಾರಾದರೂ ನೋಡಿಯಾರು ಎಂಬ ಹೆದರಿಕೆಯೂ ಆಗ ಇರಲಿಲ್ಲ. ಸತ್ತಳೋ ಇದ್ದಾಳೋ, ಅದೊಂದೇ.

ಇದ್ದಳು. ತೆವಳಿಕೊಂಡು ಖೋಲಿಯೊಳಗೆ ಹೋಗಿ ಕೂಸಿನ ಬದಿಗೆ ಮಲಗಿದ್ದಳು. ಬೀಸಣಿಗೆ ಕೈಯಲ್ಲಿತ್ತು, ಕೈ ಆಡುತ್ತಿರಲಿಲ್ಲ. ತಲೆ ತೊಡೆಯ ಮೇಲಿಟ್ಟುಕೊಂಡು ನೆತ್ತಿಗೆ ನೀರು ಹಾಕಿದೆ, ಎದೆಗೆ ಹಾಕಿದೆ, ಬಾಯಿಗೆ ಬಿಟ್ಟೆ. ಬಾಯಿಯ ನೀರು ಕೆನ್ನೆಯ ಮೇಲೆ ಹರಿದುಹೋಯಿತು. ಕಣ್ಣು ತೆರೆದಳು.

"ನನ್ನ ಮ್ಯಾಲ್ಯಾಕ ಚೆಲ್ತಿ ಬೇ? ಕೂಸಿಗೆ ಇಡು."

"ಅತ್ತೀ, ತಪ್ಪಾತ್ರಿ, ನಾ ಅಂದದ್ದು..." ಎಂದೆ. ಕಣ್ಣು ಮುಚ್ಚಿದ್ದಳು. ಹೊತ್ತು ಮುಳುಗುವ ಮೊದಲು ಉಸಿರು ನಿಂತಿತು. ನನ್ನ ಮಾತು ಕೇಳಿದಳೋ ಇಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ. ಬೈದದ್ದು ಮಾತ್ರ ಖಂಡಿತ ಕೇಳಿತ್ತು.

ಮರುದಿನ ನಸುಕಿನಲ್ಲಿ ಕಳೆದುಹೋದ ಎಮ್ಮೆ ಹುಡುಕುತ್ತ ಬಂದ ನಮ್ಮೂರಿನ ಮಲ್ಲಣ್ಣ ನನ್ನ ಅಳು ಕೇಳಿ ಒಳಗೆ ಬಂದ. ಅವನೇ ಹೊಳೆ ದಾಟಿ ಹೇಳಿದ. ಭೀಮಶಾ ಜೀವದ ಹಂಗು ಬಿಟ್ಟು ಅವನ ಸಂಗಡವೇ ಬಂದ. ಅಳಲು ಪುರುಸೊತ್ತಿರಲಿಲ್ಲ, ಹೊತ್ತೇರುವ ಮುಂಚೆ ಕೂಸನ್ನು ಆಚೆ ದಂಡೆ ಮುಟ್ಟಿಸಬೇಕಿತ್ತು. ಇಬ್ಬರೂ ಹಿತ್ತಲಿನಲ್ಲಿಯೇ ಕುಣಿ ತೋಡಿ ಅವಳನ್ನು ಕೂರಿಸಿದರು. ಜಂಗಮರಿಲ್ಲ, ವಿಭೂತಿಗೆ ಒಲೆಯ ಬೂದಿ. ಭೀಮಶಾ ಒಂದು ಹಿಡಿ ಮಣ್ಣು ಹಾಕಿದ, ಮಲ್ಲಣ್ಣ ಹಾಕಿದ.

"ನೀನೂ ಒಂದು ಹಿಡಿ ಹಾಕು, ಬಾಳಾ" ಎಂದ ಭೀಮಶಾ. ಅವನಿಗೆ ಏನೂ ಗೊತ್ತಿರಲಿಲ್ಲ.

ಕೂಸನ್ನು ಅವನ ಕೈಗೆ ಕೊಟ್ಟು ಕೂತೆ. ಒಂದು ಹಿಡಿ ಹಾಕಿದೆ. ಇನ್ನೊಂದು ಹಾಕಿದೆ. ಸನಿಕೆ ಮುಟ್ಟಬೇಡಿರೆಂದು ಇಬ್ಬರಿಗೂ ಹೇಳಿ, ಎರಡೂ ಕೈಯಿಂದ ಬಾಚಿ ಬಾಚಿ ಕುಣಿ ತುಂಬುವವರೆಗೆ ಹಾಕಿದೆ. "ಹೊತ್ತಾತು, ಏಳು, ಕೂಸಿಗೆ ಬಿಸಿಲು ಬಡೀತದ" ಎಂದು ಭೀಮಶಾ ರಟ್ಟೆ ಹಿಡಿದು ಎಬ್ಬಿಸಿದ.